ಬ್ರಹ್ಮದಂಡೆ, ಕುಸುಬೆ ಮತ್ತು ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಮುಳ್ಳುಗಿಡಗಳ ಹೂವಿನ ಫೋಟೊ ಕುರಿತು ಬಂದ ಪ್ರಶ್ನೆಗಳಲ್ಲಿ ಬಹುಪಾಲು ಲೆನ್ಸು ಮತ್ತು ಸೆಟ್ಟಿಂಗುಗಳ ಬಗ್ಗೆಯೇ ಇವೆ. ಅವಕ್ಕೆ ಉತ್ತರ ಇಲ್ಲಿದೆ. ಆದರೆ ಈ ಗಿಡಗಳು ಒಂದು ಕ್ರಮದಲ್ಲಿ ಅರಳುತ್ತವೆ, ದಿನಕ್ಕೊಂದು ರೂಪ ತಾಳುತ್ತವೆ. ಆ ಕ್ರಮ ಗೊತ್ತಿದ್ದವರಿಗೆ ಸಾಧಾರಣ ಕ್ಯಾಮೆರಾದಲ್ಲೂ ಒಳ್ಳೆಯ ಚಿತ್ರ ಸಿಗುತ್ತದೆ. ಆದ್ದರಿಂದ ಗಿಡದ ಮಾತಿನಿಂದಲೇ ಶುರು ಮಾಡೋಣ.

ಪ್ರಶ್ನೆ: ವಿದೇಶಿ ಪತ್ರಿಕೆಗಳಲ್ಲಿ ಥಿಸಲ್ ಎಂಬ ಮುಳ್ಳುಗಿಡದ ಹೂಗಳ ಚಿತ್ರ ನೋಡಿ ಆಸೆಯಾಗಿದೆ. ನಮ್ಮ ಬಯಲುಸೀಮೆಯಲ್ಲಿ ಆ ಜಾತಿಯ ಗಿಡ ಇದೆಯೆ? ಯಾವ ತಿಂಗಳಲ್ಲಿ ಹುಡುಕಬೇಕು? (ಹಿರಿಯೂರು)

ಖಂಡಿತ ಇದೆ. ನಿಮ್ಮ ಊರಿನ ಸುತ್ತಲ ಪಾಳು ಹೊಲ, ರಸ್ತೆಬದಿ, ಕಲ್ಲುಗುಡ್ಡದ ಇಳಿಜಾರುಗಳಲ್ಲಿ ಬ್ರಹ್ಮದಂಡೆ ಹುಡುಕಿ. ಮೊಣಕಾಲೆತ್ತರದಿಂದ ಸೊಂಟದೆತ್ತರದವರೆಗೆ ಬೆಳೆಯುವ ಗಿಡ. ಎಲೆ ಆಳವಾಗಿ ಸೀಳಿರುತ್ತದೆ, ಸೀಳಿನ ತುದಿಗೆಲ್ಲ ಮುಳ್ಳು. ಎಲೆ ಮಗುಚಿದರೆ ಅಡಿಭಾಗ ಬಿಳಿ ನವಿರಿನಿಂದ ತುಂಬಿರುತ್ತದೆ. ಕೊಂಬೆಯ ತುದಿಯಲ್ಲಿ 3ರಿಂದ 5 ಸೆಂಟಿಮೀಟರ್ ಅಗಲದ ದುಂಡನೆಯ ಹೂಚೆಂಡು. ಅದರಿಂದ ಕೆಲವು ಉದ್ದ ಮುಳ್ಳುಗಳು ಹೂವಿಗಿಂತ ಮುಂದಕ್ಕೆ ಚಾಚಿಕೊಂಡಿರುವುದು ಈ ಗಿಡದ ಗುರುತು. ಮಳೆಗಾಲದಲ್ಲಿ ಚಿಗುರಿ, ಚಳಿ ಶುರುವಾದ ಮೇಲೆ ಹೂ ಬಿಡುತ್ತದೆ. ಡಿಸೆಂಬರ್, ಜನವರಿ ಒಳ್ಳೆಯ ಕಾಲ.

ಎರಡನೆಯದು ಕುಸುಬೆ. ಅದು ಬೆಳೆ, ಕಾಡುಗಿಡವಲ್ಲ. ಆದರೂ ಥಿಸಲ್ ಬಳಗದ್ದೇ, ಚಿತ್ರಕ್ಕೆ ಅದರಷ್ಟು ಒದಗುವ ಹೂ ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಇನ್ನೊಂದಿಲ್ಲ. ಸೆಪ್ಟೆಂಬರ್–ಅಕ್ಟೋಬರಿನ ಹಿಂಗಾರಿನಲ್ಲಿ ಬಿತ್ತಿದ್ದು ಎಳ್ಳ ಅಮಾವಾಸ್ಯೆಯ ಆಸುಪಾಸಿನಿಂದ ಹೂವಿಗೆ ಬರುತ್ತದೆ. ಜೋಳದ ಹೊಲದ ಅಂಚಿಗೆ ದನ ಬಾರದಂತೆ ನಾಲ್ಕಾರು ಸಾಲು ಕುಸುಬೆ ಹಾಕುವ ರೂಢಿ ಇದೆ. ಬದುವಿನ ಮೇಲೆ ನಿಂತೇ ಚಿತ್ರ ತೆಗೆಯಲು ಆ ಸಾಲು ಅನುಕೂಲ.

ಹಳದಿ ಹೂವಿನ ದತ್ತೂರಿಯನ್ನು ಕೆಲವರು ಥಿಸಲ್ ಎಂದು ಕಳಿಸಿದ್ದಾರೆ. ಅದರ ಎಲೆಯೂ ಮುಳ್ಳುಮುಳ್ಳಾಗಿ, ಬಿಳಿ ನರಗಳಿಂದ ಕೂಡಿ, ಮೋಸ ಮಾಡುವಂತಿದೆ. ಎಲೆ ಮುರಿದಾಗ ಹಳದಿ ಹಾಲು ಬಂದರೆ, ಹೂವಿನಲ್ಲಿ ಅಗಲವಾದ ಬಿಡಿ ಎಸಳುಗಳಿದ್ದರೆ ಅದು ದತ್ತೂರಿ. ಮೆಕ್ಸಿಕೊ ಕಡೆಯಿಂದ ಬಂದ, ಗಸಗಸೆ ಕುಟುಂಬದ ಗಿಡ. ಚಿತ್ರಕ್ಕೆ ಚೆಲುವೇ, ಆದರೆ ಅಡಿಬರಹದಲ್ಲಿ ಹೆಸರು ಸರಿಯಾಗಿರಲಿ. ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಬ್ರಹ್ಮದಂಡೆಯ ಚೆಂಡು ಪೂರ್ತಿ ಅರಳಿದ್ದೇ ಸಿಗುತ್ತಿಲ್ಲ. ಮೇಲೆ ಅರಳಿದ್ದರೆ ಕೆಳಗೆ ಮೊಗ್ಗು, ಕೆಳಗೆ ಅರಳಿದ್ದರೆ ಮೇಲೆ ಬಾಡಿರುತ್ತದೆ. ಯಾವ ದಿನ ಹೋಗಬೇಕು? (ಕೊಪ್ಪಳ)

ನೀವು ನೋಡಿದ್ದೇ ಅದರ ಸ್ವಭಾವ. ಆ ಚೆಂಡು ಒಂದು ಹೂವಲ್ಲ, ನೂರಾರು ಕಿರುಹೂಗಳ ಗುಂಪು. ಪ್ರತಿ ಕಿರುಹೂವಿಗೂ ತನ್ನದೇ ಮುಳ್ಳಿನ ಕವಚ ಇರುತ್ತದೆ. ಅರಳುವುದು ನೆತ್ತಿಯಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತದೆ. ಕುಸುಬೆಯಲ್ಲಿ ಬೇರೆ ಕ್ರಮ: ಮೊದಲು ಅಂಚಿನ ಕಿರುಹೂ, ಆಮೇಲೆ ನಡುವಿನವು. ಒಂದು ತಲೆ ಅರಳಿ ಮುಗಿಯಲು ಮೂರರಿಂದ ಐದು ದಿನ. ಮುಖ್ಯ ಕಾಂಡದ ತುದಿಯ ತಲೆ ಮೊದಲು, ಕವಲುಗಳದ್ದು ನಂತರ. ಹಾಗಾಗಿ ಒಂದೇ ಕುಸುಬೆ ಗಿಡದಲ್ಲಿ ಮೊಗ್ಗು, ಹಳದಿ ಹೂ, ಕೆಂಪಿಗೆ ತಿರುಗಿದ ಹಳೆಯ ಹೂ ಮೂರೂ ಸಿಗುತ್ತವೆ.

ಪೂರ್ತಿ ಅರಳಿದ ಚೆಂಡಿಗಾಗಿ ಕಾಯುವುದಕ್ಕಿಂತ ಮೇಲಿನ ಮೂರನೇ ಒಂದು ಭಾಗ ಅರಳಿದ ದಿನ ತೆಗೆಯಿರಿ. ಆಗ ನೆತ್ತಿಯ ಮೇಲೆ ನಸುನೀಲಿ ಛಾಯೆಯ ಬಿಳಿ ಹೂ, ಕೆಳಗೆ ಬಿಗಿಯಾದ ಹಸಿರು-ಬೂದು ಮೊಗ್ಗುಗಳು. ನಡುವೆ ಅರಳುವ ಗೆರೆ ಚೆನ್ನಾಗಿ ಕಾಣುತ್ತದೆ. ಇದೇ ಈ ಗಿಡದ ಅತಿ ಒಳ್ಳೆಯ ಹಂತ ಎಂದು ನಮ್ಮ ಅಭಿಪ್ರಾಯ. ಗೆರೆಯ ಹತ್ತಿರ ಹೋಗಿ ನೋಡಿ: ಅರಳಿದ ಪ್ರತಿ ಕಿರುಹೂವಿನ ಐದು ಸಣ್ಣ ಸೀಳುಗಳು ಹಿಂದಕ್ಕೆ ಸುರುಳಿಯಾಗಿರುತ್ತವೆ, ನಡುವಿನಿಂದ ಕೇಸರಗಳು ಕೂಡಿಕೊಂಡ ಒಂದು ಕೊಳವೆ ಎದ್ದಿರುತ್ತದೆ, ಅದರೊಳಗಿಂದ ಶಲಾಕೆ (ಹೂವಿನ ಹೆಣ್ಣುಭಾಗದ ಕಡ್ಡಿ) ಪರಾಗವನ್ನು ತಳ್ಳಿಕೊಂಡು ಮೇಲೆ ಬರುತ್ತದೆ. ಈ ಹಂತದಲ್ಲಿ ಕ್ಯಾಮೆರಾ ಚೆಂಡಿನ ಮಟ್ಟಕ್ಕೇ ಇರಲಿ. ನಿಂತು ಮೇಲಿನಿಂದ ತೆಗೆದರೆ ಆ ಗೆರೆಯೂ ಹೋಯಿತು, ಮುಳ್ಳಿನ ಚಾಚೂ ಹೋಯಿತು.

ಪ್ರಶ್ನೆ: 100 ಎಂಎಂ ಮ್ಯಾಕ್ರೊ ಲೆನ್ಸಿನಲ್ಲಿ ಚೆಂಡಿನ ಮುಂಭಾಗ ಮಾತ್ರ ಸ್ಪಷ್ಟ, ಅಂಚೆಲ್ಲ ಮಸುಕು. ಎಫ್/22 (ಲೆನ್ಸಿನ ರಂಧ್ರದ ಅಳತೆ, ಸಂಖ್ಯೆ ಏರಿದಷ್ಟೂ ರಂಧ್ರ ಕಿರಿದು) ಇಟ್ಟರೂ ಸರಿಹೋಗಲಿಲ್ಲ, ಬದಲಿಗೆ ಇಡೀ ಚಿತ್ರವೇ ಮಂಕಾಯಿತು. ಏನು ತಪ್ಪು? (ಧಾರವಾಡ)

ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಚಿತ್ರ ಮೂಡುವ ಫಲಕ ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರ್ ಎಂದಿಟ್ಟುಕೊಳ್ಳೋಣ, ಎತ್ತರ ಸುಮಾರು 15 ಮಿ.ಮೀ. 40 ಮಿ.ಮೀ. ಚೆಂಡು ಫ್ರೇಮಿನ ಮೂರನೇ ಎರಡು ಭಾಗ ತುಂಬಬೇಕಾದರೆ ಸೆನ್ಸರಿನ ಮೇಲೆ ಅದು 10 ಮಿ.ಮೀ. ಬರಬೇಕು, ಅಂದರೆ ನಾಲ್ಕನೇ ಒಂದು ಗಾತ್ರ. ಈ ಗಾತ್ರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಎಫ್/8ರಲ್ಲಿ ಸುಮಾರು 6 ಮಿ.ಮೀ., ಎಫ್/11ರಲ್ಲಿ 9, ಎಫ್/16ರಲ್ಲಿ 13, ಎಫ್/22ರಲ್ಲಿ 17–18. ನಿಮಗೆ ಬೇಕಾದದ್ದೆಷ್ಟು? ಚೆಂಡಿನ ಮುಂಭಾಗದಿಂದ ಅಂಚಿನವರೆಗೆ 20 ಮಿ.ಮೀ., ಮುಂದೆ ಚಾಚಿದ ಮುಳ್ಳಿಗೆ ಇನ್ನೊಂದು 10. ಒಟ್ಟು 30. ಎಫ್/22 ಕೂಡ ಮುಟ್ಟುವುದಿಲ್ಲ. ಅದರ ಮೇಲೆ, ಹತ್ತಿರದ ಫೋಕಸಿನಲ್ಲಿ ಎಫ್/22 ಎಂಬುದು ಎಫ್/27ರಂತೆ ವರ್ತಿಸುತ್ತದೆ. ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡುವುದರಿಂದ ಇಡೀ ಚಿತ್ರ ಮಂಕಾಗುತ್ತದೆ.

ಸುಲಭ ಉಪಾಯ ಹಿಂದೆ ಸರಿಯುವುದು. ನಾಲ್ಕನೇ ಒಂದು ಗಾತ್ರಕ್ಕೆ ಲೆನ್ಸು ಹೂವಿನಿಂದ ಹೆಚ್ಚುಕಡಿಮೆ ಅರ್ಧ ಮೀಟರ್ ದೂರದಲ್ಲಿರುತ್ತದೆ. ಅದನ್ನು ಮುಕ್ಕಾಲು ಮೀಟರಿಗೆ ತನ್ನಿ. ಈಗ ಎಫ್/11ರಲ್ಲೇ 22 ಮಿ.ಮೀ.ನಷ್ಟು ಆಳ ಸಿಗುತ್ತದೆ, ಮುಂದೆ ಚಾಚಿದ ಮುಳ್ಳನ್ನು ಬಿಟ್ಟರೆ ಚೆಂಡಿಗೆ ಅಷ್ಟು ಸಾಕು. ಚೆಂಡು ಫ್ರೇಮಿನಲ್ಲಿ ಚಿಕ್ಕದಾಗಿ ಕಾಣುತ್ತದೆ, ಆಮೇಲೆ ಕತ್ತರಿಸಿಕೊಳ್ಳಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆ ಚೆಂಡಿಗೆ ಅಡ್ಡಕ್ಕೆ 1,600 ಪಿಕ್ಸೆಲ್ ಉಳಿಯುತ್ತದೆ. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೂ ಚೆಂಡು 13 ಸೆಂ.ಮೀ.ಗಿಂತ ಅಗಲ ಬರುತ್ತದೆ. ಪತ್ರಿಕೆಯ ಪುಟಕ್ಕೆ ಧಾರಾಳ ಸಾಕು.

ಕಣಕಣವೂ ಬೇಕೆನ್ನುವವರಿಗೆ ಫೋಕಸ್ ಸ್ಟ್ಯಾಕಿಂಗ್, ಅಂದರೆ ಬೇರೆಬೇರೆ ಆಳಕ್ಕೆ ಫೋಕಸ್ ಮಾಡಿದ ಹಲವು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದಾಗಿ ಜೋಡಿಸುವುದು. ಎಫ್/8ಕ್ಕೆ ಇಟ್ಟು, ಮುಂದಿನ ಮುಳ್ಳಿನ ತುದಿಯಿಂದ ಶುರು ಮಾಡಿ, ಪ್ರತಿ ಚಿತ್ರಕ್ಕೂ ಫೋಕಸನ್ನು ಸುಮಾರು 4 ಮಿ.ಮೀ. ಹಿಂದಕ್ಕೆ ಸರಿಸುತ್ತ ಅಂಚಿನವರೆಗೆ ಬನ್ನಿ. ಆಳ 6 ಮಿ.ಮೀ. ಇರುವಾಗ ಹೆಜ್ಜೆ 4 ಇಟ್ಟರೆ ಒಂದರ ಮೇಲೊಂದು ಕೂಡಿಕೊಳ್ಳಲು ಜಾಗ ಉಳಿಯುತ್ತದೆ. ಎಂಟು ಚಿತ್ರ ಸಾಕು, ಮುಂದೊಂದು ಹಿಂದೊಂದು ಹೆಚ್ಚಿಗೆ ತೆಗೆದು ಹತ್ತು ಮಾಡಿಕೊಳ್ಳಿ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎರಡೂ ಮ್ಯಾನುಯಲ್‌ನಲ್ಲಿರಬೇಕು, ಇಲ್ಲದಿದ್ದರೆ ಜೋಡಿಸಿದ ಮೇಲೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ.

ಜೋಡಿಸುವಾಗ ಮುಳ್ಳುಗಿಡ ಒಂದು ವಿಶೇಷ ತೊಂದರೆ ಕೊಡುತ್ತದೆ. ಮುಂದಿನ ಮುಳ್ಳು ಹಿಂದಿನ ಹೂವನ್ನು ಅಡ್ಡಹಾಯುವ ಕಡೆ ಮುಳ್ಳಿನ ಸುತ್ತ ಮಸುಕಿನ ಪ್ರಭೆ ಉಳಿಯುತ್ತದೆ. ಜೋಡಿಸುವ ತಂತ್ರಾಂಶಗಳಲ್ಲಿ, ಜೆರೀನ್ ಸ್ಟ್ಯಾಕರಿನಲ್ಲಿ ಪಿಮ್ಯಾಕ್ಸ್, ಹೆಲಿಕಾನ್ ಫೋಕಸಿನಲ್ಲಿ ಸಿ ವಿಧಾನ ಇಂಥ ಹೆಣೆದುಕೊಂಡ ಗೆರೆಗಳಿಗೆ ಹೊಂದುತ್ತವೆ. ಅವು ಬಣ್ಣದ ಕಾಂಟ್ರಾಸ್ಟ್ ಸ್ವಲ್ಪ ಹೆಚ್ಚಿಸುತ್ತವೆ, ನಯವಾದ ಹಿನ್ನೆಲೆಯಲ್ಲಿ ಕಾಳುಕಾಳಾದ ಚುಕ್ಕೆ ತರುತ್ತವೆ. ಹಿನ್ನೆಲೆಯನ್ನು ಒಂದೇ ಚಿತ್ರದಿಂದ ತೆಗೆದುಕೊಂಡು ಮೇಲೆ ಹಚ್ಚಿದರೆ ಅದೂ ಸರಿಹೋಗುತ್ತದೆ. ನಡುವೆ ಜೇನು ಬಂದು ಕೂತರೆ ಅಂದಿನ ಸ್ಟ್ಯಾಕ್ ಕೈಬಿಟ್ಟು ಜೇನಿನ ಚಿತ್ರ ತೆಗೆಯಿರಿ.

ಪ್ರಶ್ನೆ: ಗಾಳಿ ನಿಲ್ಲುವುದೇ ಇಲ್ಲ. ಶಟರನ್ನು 1/250 ಸೆಕೆಂಡಿಗೆ ಇಟ್ಟರೂ ಅಲುಗಿದ ಚಿತ್ರವೇ ಬರುತ್ತದೆ. (ಗದಗ)

ಹೂ ಸೆಕೆಂಡಿಗೆ 10 ಸೆಂ.ಮೀ.ನಂತೆ ನಿಧಾನ ತೂಗಿದರೂ 1/250 ಸೆಕೆಂಡಿನಲ್ಲಿ 0.4 ಮಿ.ಮೀ. ಸರಿಯುತ್ತದೆ. ನಾಲ್ಕನೇ ಒಂದು ಗಾತ್ರದಲ್ಲಿ ಅದು ಸೆನ್ಸರಿನ ಮೇಲೆ 25 ಪಿಕ್ಸೆಲ್ ಅಳಿಸಿಹೋದಂತೆ. 1/1000ಕ್ಕೆ ಏರಿಸಿದರೂ ಆರು ಪಿಕ್ಸೆಲ್ ಹೋಗುತ್ತದೆ. ಆದ್ದರಿಂದ ಶಟರ್ ಒಂದನ್ನೇ ನಂಬಬೇಡಿ. ತೂಗುವ ಕಾಂಡ ಒಂದು ತುದಿಗೆ ಹೋಗಿ ಮರಳುವ ಮುನ್ನ ಅರೆಕ್ಷಣ ನಿಲ್ಲುತ್ತದೆ, ಆಗ ಒತ್ತಿ. ಹೂವಿಗಿಂತ ಒಂದು ಗೇಣು ಕೆಳಗೆ ಕಾಂಡಕ್ಕೆ ಬಟ್ಟೆ ಕ್ಲಿಪ್ಪು ಹಾಕಿ, ನೆಲಕ್ಕೆ ನೆಟ್ಟ ಬಿದಿರುಕಡ್ಡಿಗೆ ಕಟ್ಟಿದರೆ ಅರ್ಧಕ್ಕಿಂತ ಹೆಚ್ಚು ಅಲುಗಾಟ ನಿಲ್ಲುತ್ತದೆ. ಕಾಂಡವನ್ನು ಬಗ್ಗಿಸಿ ಕಟ್ಟಬೇಡಿ, ಮುರಿಯುತ್ತದೆ. ನೆರಳಿನಲ್ಲಾದರೆ ಫ್ಲ್ಯಾಶನ್ನು 1/8 ಅಥವಾ ಅದಕ್ಕೂ ಕಡಿಮೆ ಶಕ್ತಿಗೆ ಇಟ್ಟು, ಬಿಳಿ ಬಟ್ಟೆಯ ಮೂಲಕ ಹಾಯಿಸಿ. ಆ ಮಿಂಚಿನ ಅವಧಿ 1/1000 ಸೆಕೆಂಡಿಗಿಂತ ಚಿಕ್ಕದು, ಅದೇ ಹೂವನ್ನು ನಿಲ್ಲಿಸುತ್ತದೆ. ಇವೆಲ್ಲಕ್ಕಿಂತ ಒಳ್ಳೆಯದು ಹೊತ್ತು ನೋಡಿ ಹೋಗುವುದು. ಜನವರಿಯಲ್ಲಿ ನಿಮ್ಮ ಕಡೆ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ, ಎಂಟೂವರೆಯವರೆಗೆ ಗಾಳಿ ಸಾಮಾನ್ಯವಾಗಿ ಕಡಿಮೆ.

ಪ್ರಶ್ನೆ: ಕುಸುಬೆಯ ಕಿತ್ತಳೆ ಬಣ್ಣ ಚಿತ್ರದಲ್ಲಿ ಒಂದೇ ಮುದ್ದೆಯಾಗುತ್ತದೆ. ಎಸಳಿನ ಗೆರೆಯೇ ಕಾಣುವುದಿಲ್ಲ. ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಮಾತ್ರ ಸರಿಯಾಗೇ ಇದೆ. (ನವಲಗುಂದ)

ನೀವು ನೋಡಿದ್ದು ಒಟ್ಟು ಬೆಳಕಿನ ಹಿಸ್ಟೊಗ್ರಾಮ್. ಅದು ಹಸಿರಿಗೆ ಹೆಚ್ಚು ತೂಕ ಕೊಡುತ್ತದೆ. ಕಿತ್ತಳೆ ಹೂವಿನಲ್ಲಿ ಮೊದಲು ತುಂಬಿ ಹರಿಯುವುದು ಕೆಂಪು ಚಾನೆಲ್. ಕ್ಯಾಮೆರಾದ ಮೆನುವಿನಲ್ಲಿ ಮೂರು ಬಣ್ಣದ ಹಿಸ್ಟೊಗ್ರಾಮ್ ಆನ್ ಮಾಡಿ ನೋಡಿ, ಕೆಂಪು ಬಲಗೋಡೆಗೆ ಒರಗಿರುತ್ತದೆ. ಎಕ್ಸ್‌ಪೋಶರನ್ನು 0.7ರಿಂದ 1 ಸ್ಟಾಪ್ ಇಳಿಸಿ (1 ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಪಿಕ್ಚರ್ ಸ್ಟೈಲ್ ನ್ಯೂಟ್ರಲ್‌ಗೆ ಇಡಿ. ವಿವಿಡ್ ಎಂಬ ಆಯ್ಕೆ ಈ ಹೂವಿಗೆ ಶತ್ರು. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ರೂಪ) ತೆಗೆಯಿರಿ, ಕಂಪ್ಯೂಟರಿನಲ್ಲಿ ಕಿತ್ತಳೆಯ ಸ್ಯಾಚುರೇಶನ್ ಹೆಚ್ಚಿಸುವ ಬದಲು ಅದರ ಹೊಳಪನ್ನು ತುಸು ಇಳಿಸಿ, ಗೆರೆಗಳು ಮರಳಿ ಬರುತ್ತವೆ. ಬಿಸಿಲು ಏರಿದ್ದರೆ ಬಿಳಿ ಪಂಚೆಯ ಒಂದೇ ಪದರವನ್ನು ಮೊಳದಷ್ಟು ಅಗಲದ ಬಳೆಗೆ ಬಿಗಿದು ಹೂವಿನ ಮೇಲೆ ಹಿಡಿಯಿರಿ. ಅದಕ್ಕಿಂತ ಒಳ್ಳೆಯ ಡಿಫ್ಯೂಸರ್ ಬೇಕಿಲ್ಲ.

ಕುಸುಬೆ ಹೊಸದಾಗಿ ಅರಳಿದಾಗ ಸಾಮಾನ್ಯವಾಗಿ ಹಳದಿ, ಬಾಡುತ್ತ ಕಿತ್ತಳೆ, ಕೆಂಪು. ನಿಮಗೆ ಎಸಳು ಬಿಡಿಬಿಡಿಯಾಗಿ ಬೇಕಾದರೆ ಹಳದಿ ಹಂತದಲ್ಲೇ ತೆಗೆಯಿರಿ. ಕೆಂಪಿಗೆ ತಿರುಗಿದಾಗ ಅವು ಒಂದಕ್ಕೊಂದು ಅಂಟಿ ಮುದುಡಿರುತ್ತವೆ, ಯಾವ ಸೆಟ್ಟಿಂಗೂ ಬಿಡಿಸಲಾರದು.

ಹೊಲದ ಬಗ್ಗೆ ಎರಡು ಮಾತು. ರೈತರನ್ನು ಕೇಳಿಯೇ ಇಳಿಯಿರಿ, ಕೇಳುವಾಗ ಔಷಧ ಯಾವಾಗ ಹೊಡೆದಿದ್ದಾರೆ ಎಂದೂ ವಿಚಾರಿಸಿ. ಕಾಂಡದ ಎಳೆತುದಿಯಲ್ಲಿ ಕಪ್ಪು ಚುಕ್ಕೆಗಳಂತೆ ಮುತ್ತಿರುವುದು ಕುಸುಬೆಯ ಹೇನು, ಅದಕ್ಕಾಗಿಯೇ ಔಷಧ ಹೊಡೆಯುವುದು. ಕುಸುಬೆ ಕೊಯ್ಲನ್ನು ಬೆಳಗಿನ ಇಬ್ಬನಿಯಲ್ಲೇ ಮಾಡುತ್ತಾರೆ, ಆಗ ಮುಳ್ಳು ಮೆತ್ತಗಿರುತ್ತದೆ. ನೀವೂ ಆ ಹೊತ್ತಿಗೇ ಹೋದರೆ ಬೆಳಕೂ ಮೃದು, ಮುಳ್ಳೂ ಮೃದು. ದಪ್ಪ ಬಟ್ಟೆಯ ಪ್ಯಾಂಟ್, ಮೊಣಕಾಲಿಗೆ ನಾಲ್ಕು ಮಡಿಕೆಯ ಗೋಣಿಚೀಲ, ಚೀಲದಲ್ಲೊಂದು ಚಿಮಟ ಇರಲಿ.

ಪ್ರಶ್ನೆ: ನನ್ನ ಬಳಿ ಫೋನ್ ಮಾತ್ರ ಇದೆ. ಪೋರ್ಟ್ರೇಟ್ ಮೋಡಿನಲ್ಲಿ ತೆಗೆದರೆ ಮುಳ್ಳುಗಳೇ ಮಾಯ! (ಬಾದಾಮಿ)

ಪೋರ್ಟ್ರೇಟ್ ಮೋಡ್ ಲೆಕ್ಕಾಚಾರದಿಂದ ಹಿನ್ನೆಲೆಯನ್ನು ಮಸುಕು ಮಾಡುತ್ತದೆ. ಕೂದಲಿನಷ್ಟು ಸಪೂರ ಮುಳ್ಳು ಹೂವಿಗೆ ಸೇರಿದ್ದೋ ಹಿನ್ನೆಲೆಗೋ ಅದಕ್ಕೆ ತಿಳಿಯುವುದಿಲ್ಲ, ಅಳಿಸಿಬಿಡುತ್ತದೆ. ಆ ಮೋಡ್ ಬಿಡಿ. ಸಾಮಾನ್ಯ ಮೋಡಿನಲ್ಲಿ 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಆರಿಸಿ, ಅದು ಫೋಕಸ್ ಹಿಡಿಯುವಷ್ಟು ಹತ್ತಿರ ಮಾತ್ರ ಹೋಗಿ. ಇನ್ನೂ ಹತ್ತಿರ ಹೋದರೆ ಹಲವು ಫೋನುಗಳು ತಾವಾಗಿಯೇ ಬೇರೆ ಲೆನ್ಸಿಗೆ ಬದಲಾಗುತ್ತವೆ, ಚಿತ್ರ ಥಟ್ಟನೆ ಹಾರಿದಂತೆ ಕಂಡರೆ ಅದೇ ಕಾರಣ. ಹೂವಿನ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕಿನ ಪಟ್ಟಿಯನ್ನು ಸ್ವಲ್ಪ ಕೆಳಗೆ ಎಳೆಯಿರಿ. ಹಿನ್ನೆಲೆ ಮಸುಕಾಗಲು ದೂರವೇ ಸಾಧನ: ಹೂವಿನ ಹಿಂದೆ ಎರಡು ಮೀಟರಾದರೂ ಬಯಲಿರುವ ಕಡೆ ನಿಲ್ಲಿ, ಹಿಂದೆ ನೆರಳಿನ ಬದು ಬಂದರೆ ಇನ್ನೂ ಚೆನ್ನ. ಸೂರ್ಯ ಕೆಳಗಿರುವಾಗ ಅದಕ್ಕೆದುರಾಗಿ ನಿಂತು ಆ ಕಪ್ಪು ಬದುವಿನ ಮುಂದೆ ಚೆಂಡನ್ನು ಇರಿಸಿಕೊಂಡರೆ ಒಂದೊಂದು ಮುಳ್ಳೂ ಬೆಳ್ಳಿಗೆರೆಯಾಗಿ ಹೊಳೆಯುತ್ತದೆ. ಲೆನ್ಸಿಗೆ ಬಿಸಿಲು ಬೀಳದಂತೆ ಎಡಗೈ ಅಡ್ಡ ಹಿಡಿಯಿರಿ.

ಪ್ರಶ್ನೆ: ಒಂದೇ ಬ್ರಹ್ಮದಂಡೆ ಗಿಡವನ್ನು ವರ್ಷವಿಡೀ ಚಿತ್ರಿಸಬೇಕೆಂದಿದ್ದೇನೆ. ಹೇಗೆ ಯೋಜಿಸಲಿ? (ಚಳ್ಳಕೆರೆ)

ಒಂದೇ ಗಿಡವನ್ನು ನೆಚ್ಚಬೇಡಿ. ಮೇಯುವ ಕುರಿ, ರಸ್ತೆಬದಿ ಸ್ವಚ್ಛತೆ, ಉಳುಮೆ, ಯಾವುದಾದರೂ ಒಂದು ಅದನ್ನು ಕಿತ್ತೀತು. ಐದಾರು ಗಿಡ ಗುರುತಿಸಿಕೊಳ್ಳಿ. ಪ್ರತಿಯೊಂದರ ಮುಂದೆ ಕ್ಯಾಮೆರಾ ಇಡುವ ಜಾಗಕ್ಕೆ ಚಪ್ಪಟೆ ಕಲ್ಲು ಹೂತು, ಮೂರು ವಿಷಯ ಬರೆದಿಡಿ: ಕಲ್ಲಿನಿಂದ ಲೆನ್ಸಿನ ಎತ್ತರ, ಲೆನ್ಸಿನ ಫೋಕಲ್ ಲೆಂತ್, ದಿಕ್ಕು. ಹಿಂದಿನ ಸಲದ ಚಿತ್ರವನ್ನು ಫೋನಿನಲ್ಲಿ ಒಯ್ದು, ಅದರಲ್ಲಿನ ಒಂದು ಬಂಡೆ ಅಥವಾ ಮರದ ಅಂಚಿಗೆ ಹೊಸ ಫ್ರೇಮನ್ನು ಹೊಂದಿಸಿದರೆ ಸರಣಿ ಕೂಡಿಬರುತ್ತದೆ. ಪ್ರತಿ ಸಲವೂ ಅದೇ ಹೊತ್ತಿಗೆ ಹೋಗುವುದು ಮುಖ್ಯ, ನೆರಳಿನ ದಿಕ್ಕು ಬದಲಾದರೆ ಗಿಡದ ಬದಲಾವಣೆ ಕಾಣುವುದಿಲ್ಲ.

ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ಸಾಕು. ಮೊಗ್ಗು ಕಂಡ ಮೇಲೆ ವಾರಕ್ಕೆರಡು ಸಲ, ನೆತ್ತಿ ಅರಳಲು ಶುರುವಾದರೆ ದಿನಾ. ಹೂ ಮುಗಿದ ಮೇಲೆ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಅದು ತಪ್ಪು. ಮಾರ್ಚಿಯಿಂದ ಮೇವರೆಗೆ ಗಿಡ ಒಣಗಿ ಬೆಳ್ಳಗಾಗಿ ನಿಂತಿರುತ್ತದೆ, ಚೆಂಡು ತುಂಡುತುಂಡಾಗಿ ಕಳಚುತ್ತದೆ. ಕಪ್ಪು-ಬಿಳುಪಿಗೆ ಅದರಷ್ಟು ಒಗ್ಗುವ ವಿಷಯ ಅಪರೂಪ. ಆಗ ಬಿಳಿ ಗಿಡ ಬಿಳಿ ಆಕಾಶಕ್ಕೆ ತಾಗದಂತೆ ಕೆಮ್ಮಣ್ಣಿನ ನೆಲವನ್ನೇ ಹಿನ್ನೆಲೆ ಮಾಡಿಕೊಳ್ಳಿ.

ಪ್ರಶ್ನೆ: ಎಡಿನ್‌ಬರೋದಲ್ಲಿದ್ದೇನೆ. ಇಲ್ಲಿನ ಥಿಸಲ್ ಬೀಜದ ಹತ್ತಿ ಹಾರುವುದನ್ನು ಹಿಡಿಯಬೇಕು. ಒಂದು ಕಡೆಯ ಗಿಡಗಳಲ್ಲಿ ಹತ್ತಿಯೇ ಬರಲಿಲ್ಲ. ಊರಿಗೆ ಬಂದಾಗ ಬ್ರಹ್ಮದಂಡೆಯಲ್ಲೂ ಪ್ರಯತ್ನಿಸಬಹುದೆ? (ಸ್ಕಾಟ್ಲೆಂಡ್)

ಕೊನೆಯದಕ್ಕೆ ಮೊದಲು ಉತ್ತರ: ಬ್ರಹ್ಮದಂಡೆಯ ಬೀಜಕ್ಕೆ ಗಿಡ್ಡ ಬಿರುಗೂದಲು ಮಾತ್ರ, ಕುಸುಬೆ ಬೀಜಕ್ಕೆ ಸಾಮಾನ್ಯವಾಗಿ ಅದೂ ಇಲ್ಲ. ಹಾರುವ ಹತ್ತಿ ಬೇಕಾದರೆ ನೀವಿರುವ ಜಾಗವೇ ಸರಿ.

ಅಲ್ಲಿ ನಿಮಗೆ ಮುಖ್ಯವಾಗಿ ಎರಡು ಸಿಗುತ್ತವೆ. ಸ್ಪಿಯರ್ ಥಿಸಲ್‌ನದು ದೊಡ್ಡ ತಲೆ, ಕಾಂಡದುದ್ದಕ್ಕೂ ಮುಳ್ಳಿನ ರೆಕ್ಕೆ. ಮೊದಲ ವರ್ಷ ನೆಲಕ್ಕಂಟಿದ ಎಲೆಚಕ್ರ, ನಂತರ ಹೂ ಬಿಟ್ಟು ಸಾಯುತ್ತದೆ. ಕ್ರೀಪಿಂಗ್ ಥಿಸಲ್‌ನದು ಸಣ್ಣ, ನಸುನೇರಳೆ ತಲೆ, ಬೇರಿನಿಂದ ಹಬ್ಬಿ ಗುಂಪಾಗಿ ಬೆಳೆಯುತ್ತದೆ. ಎರಡನೆಯದರಲ್ಲಿ ಗಂಡು ಹೆಣ್ಣು ಗಿಡಗಳು ಬೇರೆಬೇರೆ. ಒಂದು ಇಡೀ ಗುಂಪು ಒಂದೇ ಬೇರಿನಿಂದ ಬಂದದ್ದಾದರೆ ಎಲ್ಲವೂ ಗಂಡಾಗಿರಬಹುದು, ನಿಮಗೆ ಹತ್ತಿ ಸಿಗದ್ದು ಬಹುಶಃ ಅದಕ್ಕೇ. ಸ್ಪಿಯರ್ ಥಿಸಲ್ ಹಿಡಿಯಿರಿ. ಹೂ ಜುಲೈಯಿಂದ ಸೆಪ್ಟೆಂಬರ್, ಹತ್ತಿಗೆ ಆಗಸ್ಟ್ ಕೊನೆಯಿಂದ ನೋಡಿ. ಒಣ ಗಾಳಿಯಲ್ಲಿ ಎಳೆಗಳು ಬಿಚ್ಚಿಕೊಳ್ಳುತ್ತವೆ, ತೇವದಲ್ಲಿ ಮುಚ್ಚಿಕೊಳ್ಳುತ್ತವೆ. ಹೀಗಾಗಿ ಇಲ್ಲಿ ಬೆಳಗಿನ ಇಬ್ಬನಿಯ ಹೊತ್ತು ಉಪಯೋಗವಿಲ್ಲ, ಬಿಸಿಲಿನ ಮಧ್ಯಾಹ್ನ ಮೂರರ ನಂತರ ಹೋಗಿ. ಸೂರ್ಯನನ್ನು ಎದುರಿಗಿಟ್ಟು, ಕಪ್ಪು ಬೇಲಿಯ ಹಿನ್ನೆಲೆಯಲ್ಲಿ, 1/1000 ಅಥವಾ ಅದಕ್ಕೂ ವೇಗ, ಎಫ್/8. ಫೋಕಸನ್ನು ಮ್ಯಾನುಯಲ್‌ನಲ್ಲಿ ಬಿಚ್ಚುತ್ತಿರುವ ತಲೆಯ ಮೇಲೇ ಇಟ್ಟು, ಗಾಳಿ ಅಡ್ಡಕ್ಕೆ ಬೀಸುವಂತೆ ನಿಂತು, ಬರ್ಸ್ಟ್ (ಒಂದರ ಹಿಂದೊಂದು ಸರಸರ ಚಿತ್ರ) ಒತ್ತಿ. ಆಗ ಹತ್ತಿ ಫೋಕಸ್ ತಲದಲ್ಲೇ ಸಾಗುತ್ತದೆ. ಗಾಳಿ ನಿಮ್ಮ ಕಡೆಗೆ ಬೀಸಿದರೆ ಒಂದೂ ಸ್ಪಷ್ಟ ಬರದು.

ನೇರಳೆ ಬಣ್ಣ ನೀಲಿಗೆ ತಿರುಗುವುದನ್ನು ತಡೆಯಲು ಆಟೊ ವೈಟ್ ಬ್ಯಾಲೆನ್ಸ್ ಬಿಟ್ಟು ಬಿಸಿಲಿಗೆ 5,200 ಕೆಲ್ವಿನ್, ನೆರಳಿಗೆ 7,000 ಇಡಿ. ಗೋಲ್ಡ್‌ಫಿಂಚ್ ಹಕ್ಕಿಗಳು ಈ ಬೀಜಕ್ಕೆ ಬರುತ್ತವೆ, ಅವಕ್ಕೆ 400 ಎಂಎಂ ಬೇಕು. ಈ ಎರಡೂ ಥಿಸಲ್‌ಗಳು ಬ್ರಿಟನ್ನಿನ 1959ರ ಕಳೆ ಕಾಯಿದೆಯ ಪಟ್ಟಿಯಲ್ಲಿವೆ, ಆದ್ದರಿಂದ ಹತ್ತಿ ಬರುವ ಮುನ್ನವೇ ಕತ್ತರಿಸಿಬಿಡುವುದುಂಟು. ಒಂದೇ ತಾಣದ ಮೇಲೆ ಭರವಸೆ ಇಡದೆ ಮೂರು ನಾಲ್ಕು ಕಡೆ ನೋಡಿಟ್ಟುಕೊಳ್ಳಿ.

ಪ್ರಶ್ನೆ: ಹೂವನ್ನು ಕೊಯ್ದು ಮನೆಗೆ ತಂದು ತೆಗೆಯಬಹುದೆ? (ಬೆಂಗಳೂರು)

ಹಸಿ ಹೂವಾದರೆ ಬೇಡ, ಕಿರುಹೂಗಳು ಬೇಗ ಜೋತುಬೀಳುತ್ತವೆ, ಜೇನಿನ ಮೇವನ್ನೂ ಕಸಿದಂತಾಗುತ್ತದೆ. ಬೇಸಿಗೆಯ ಒಣ ಚೆಂಡನ್ನು ತರಬಹುದು. ಚರ್ಮದ ಕೈಗವಸು ಹಾಕಿ, ಮುಳ್ಳು ಚೀಲ ಹರಿಯದಂತೆ ರಟ್ಟಿನ ಡಬ್ಬದಲ್ಲಿಟ್ಟು ತನ್ನಿ. ಉತ್ತರದ ಕಿಟಕಿಯ ಪಕ್ಕ ಕಪ್ಪು ಬಟ್ಟೆ ಹಾಸಿ, ಐಎಸ್ಒ 100, ಎಫ್/8, ಟ್ರೈಪಾಡ್ ಮೇಲೆ ಎರಡು ಸೆಕೆಂಡಿನ ಟೈಮರ್ ಹಾಕಿದರೆ ಗಾಳಿಯ ಕಾಟವಿಲ್ಲದೆ ಸ್ಟ್ಯಾಕಿಂಗ್ ಕಲಿಯಲು ಒಳ್ಳೆಯ ಅಭ್ಯಾಸ. ಉದುರಿದ ಬೀಜವನ್ನು ಕೈತೋಟಕ್ಕೆ ಗುಡಿಸಬೇಡಿ, ಮುಂದಿನ ಮಳೆಗೆ ಅಲ್ಲೇ ಮೊಳೆತೀತು.